ಚಕ್ರವನ್ನು ದಾಟಿ ದವಡೆಯವರೆಗೆ

ಕೆರೆಯ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿರಿಸಿ ರೋಟಿಫರನ್ನು ಮೊದಲ ಸಲ ಕಂಡವನು ಅದರ ಶಿರಸ್ಸಿನಲ್ಲಿ ತಿರುಗುವಂತೆ ತೋರುವ ಚಕ್ರಗಳಿಗೆ ಮನಸೋಲುವುದು ಸಹಜವೇ ಆದರೂ, ಅಲ್ಲಿ ವಾಸ್ತವವಾಗಿ ತಿರುಗುವ ವಸ್ತು ಯಾವುದೂ ಇಲ್ಲ. ಶಿರೋಭಾಗದ ಅಂಚಿನಲ್ಲಿ ಸಾಲುಗಟ್ಟಿದ ಲೋಮಾಂಗಗಳು ಒಂದರ ಬೆನ್ನಿಗೊಂದು ಬಾಗಿ ಏಳುವಾಗ, ಗಾಳಿ ಬೀಸಿದ ಭತ್ತದ ಗದ್ದೆಯಲ್ಲಿ ಪೈರು ನಿಂತಲ್ಲೇ ನಿಂತು ಅಲೆ ಮಾತ್ರ ಮುಂದೆ ಸಾಗುವಂತೆ, ಕಣ್ಣಿಗೆ ಚಕ್ರಭ್ರಮಣದ ಭ್ರಾಂತಿಯುಂಟಾಗುತ್ತದೆ. ಭ್ರಾಂತಿ ರಮ್ಯವಾದದ್ದೇ ಸರಿ; ಆದರೆ ಈ ವ್ಯಾಸಂಗದಲ್ಲಿ ಕೆಲಕಾಲ ಕಳೆದ ರಸಿಕನ ದೃಷ್ಟಿ ಅಲ್ಲಿಯೇ ತಂಗತಕ್ಕದ್ದಲ್ಲ. ಅದು ಬಾಯಿಯನ್ನು ದಾಟಿ ಗಂಟಲಿಗಿಳಿದು, ಎಡೆಬಿಡದೆ ಮಿಡಿಯುತ್ತಿರುವ ಮ್ಯಾಸ್ಟ್ಯಾಕ್ಸ್ ಎಂಬ ಸ್ನಾಯುಮಯವಾದ ಅಂಗವನ್ನೂ ಅದರೊಳಗಿನ ಪುಟ್ಟ ದವಡೆಗಳನ್ನೂ ಹುಡುಕಬೇಕು. ಚಕ್ರದಿಂದ ದೊರೆಯುವುದು ವಿನೋದ. ಪ್ರಾಣಿಯ ಕುಲವನ್ನೂ ವೃತ್ತಿಯನ್ನೂ ಅರಿಯಬೇಕಾದರೆ ದವಡೆಯನ್ನೇ ಕೇಳಬೇಕು.

ಇದಕ್ಕೆ ಬೇಕಾಗುವ ಸಲಕರಣೆ ಅತ್ಯಲ್ಪ. ರೋಟಿಫರುಗಳಲ್ಲಿ ಬಹುಪಾಲು 0.1 ರಿಂದ 0.5 ಮಿಲಿಮೀಟರ್ ಉದ್ದದವಾದ್ದರಿಂದ 50 ಮೈಕ್ರಾನ್ ಕಣ್ಣಿನ ಬಟ್ಟೆಯ ಚಿಕ್ಕ ಬಲೆಯೊಂದು ಸಾಕು. ಅದೂ ಇಲ್ಲವೆಂದರೆ ದಡದ ಜಲಸಸ್ಯಗಳನ್ನು ಕೈಯಲ್ಲಿ ಹಿಂಡಿ ಆ ನೀರನ್ನು ಶೀಶೆಗಿಳಿಸಿದರೂ ಆಗಬಹುದು. ಓಡಾಡುವ ಪ್ರಾಣಿಯನ್ನು ನಿಲ್ಲಿಸಲು ಹತ್ತಿಯ ನಾಲ್ಕಾರು ಎಳೆಗಳನ್ನು ಹನಿಯಲ್ಲಿ ಹರಡಿ, ಕವರ್ ಸ್ಲಿಪ್ಪಿನ ಅಂಚಿಗೆ ಒತ್ತುಕಾಗದವನ್ನು ತಾಗಿಸಿ ನೀರನ್ನು ಮೆಲ್ಲನೆ ಹೀರಿಸುವುದು ಹಳಬರ ಕ್ರಮ. ಶರೀರವು ಪಾರದರ್ಶಕವಾದುದರಿಂದ ಒಳಗಿನ ವ್ಯಾಪಾರವೆಲ್ಲ ಹೊರಗೇ ಕಾಣುತ್ತದೆ. ಇಡೀ ದೇಹದಲ್ಲಿರುವ ಕೋಶಕೇಂದ್ರಗಳು ಸುಮಾರು 1000. ಮೊಟ್ಟೆಯೊಡೆದು ಬಂದ ಮೇಲೆ ಅವು ವಿಭಜಿಸವು, ಪ್ರಾಣಿಯು ಬೆಳೆಯುವುದೆಂದರೆ ಇದ್ದವೇ ಹಿಗ್ಗುವುದು. ಇಷ್ಟು ಮಿತವಾದ ಬಂಡವಾಳದಲ್ಲಿ ಏಳು ಪ್ರಧಾನ ಖಂಡಗಳ ದವಡೆಯೊಂದನ್ನು ಪ್ರಕೃತಿ ಹೇಗೆ ಹೂಡಿತೆಂಬುದು ನನಗೆ ಇಂದಿಗೂ ವಿಸ್ಮಯ. ಬಿಳುಪುಕಾರಕ ದ್ರಾವಣದ ಒಂದು ಬಿಂದು ತಾಗಿದರೆ ಮೈಯೆಲ್ಲ ಕರಗಿ ದವಡೆಗಳು ಮಾತ್ರ ಉಳಿಯುತ್ತವೆ. ಪಂಡಿತರು ಅನೇಕ ಪ್ರಭೇದಗಳನ್ನು ನಿಶ್ಚಯಿಸುವುದು ಈ ಅವಶೇಷವನ್ನು ನೋಡಿಯೇ.

ಕವಚಧಾರಿಯಾದ ಬ್ರಾಕಿಯೋನಸ್ ತನ್ನ ಲೋಮಾಂಗಗಳ ಸುಳಿಯಿಂದ ಸೆಳೆದ ಪಾಚಿಯ ಕಣಗಳನ್ನು ಅಗಲವಾದ ಹಲ್ಲುಗಳಲ್ಲಿ ಅರೆಯುತ್ತದೆ. ಸಿಂಕೀಟಾದ ದವಡೆ ಅರೆಯುವುದಿಲ್ಲ. ಅದು ಹೀರುವ ಯಂತ್ರ. ಡೈಕ್ರನೋಫೋರಸ್ ತನ್ನ ದವಡೆಗಳನ್ನು ಇಕ್ಕಳದಂತೆ ಬಾಯಿಂದ ಹೊರಕ್ಕೇ ಚಾಚಿ ಬೇಟೆಯನ್ನು ಹಿಡಿಯುತ್ತದೆ. ಇವುಗಳೆಲ್ಲದರಲ್ಲಿ ನನ್ನ ಪಕ್ಷಪಾತ ಆಸ್ಪ್ಲಾಂಕ್ನಾದ ಮೇಲೆ: ಗಾಜಿನ ಚೀಲದಂತಹ ಮೈ, ಕರುಳಿಲ್ಲ, ಗುದವಿಲ್ಲ, ಜೀರ್ಣವಾಗದೆ ಉಳಿದದ್ದನ್ನು ಬಂದ ದಾರಿಯಿಂದಲೇ ಹೊರಗೆ ಹಾಕಬೇಕು, ಆದರೂ ತನ್ನ ಬಂಧುವಾದ ಬ್ರಾಕಿಯೋನಸ್ಸನ್ನು ಇಡಿಯಾಗಿ ನುಂಗಬಲ್ಲ ಪರಾಕ್ರಮ. ಅದರ ಉದರದಲ್ಲಿ ನುಂಗಿದ ಬ್ರಾಕಿಯೋನಸ್ಸಿನ ಕವಚವನ್ನು ಹಾಗೆಯೇ ಗುರುತಿಸುವುದುಂಟು.

ಆದರೆ ಬೇಟೆಯೂ ನಿರುಪಾಯವಾಗಿ ಕುಳಿತಿಲ್ಲ. ಫ್ರಾನ್ಸಿನ ದ ಬೋಷಾಂ 1952ರಲ್ಲಿಯೂ ಅಮೆರಿಕದ ಜಾನ್ ಗಿಲ್ಬರ್ಟ್ 1966ರಲ್ಲಿಯೂ ತೋರಿಸಿಕೊಟ್ಟಂತೆ, ಆಸ್ಪ್ಲಾಂಕ್ನಾ ವಾಸವಾಗಿದ್ದ ನೀರಿನಲ್ಲಿ, ಅದು ಸ್ವತಃ ಇಲ್ಲದಿದ್ದರೂ, ಅದು ಸ್ರವಿಸಿದ ದ್ರವ್ಯವೊಂದೇ ಸಾಕು: ಬ್ರಾಕಿಯೋನಸ್ ಕ್ಯಾಲಿಸಿಫ್ಲೋರಸ್ಸಿನ ಮರಿಗಳು ಪಾರ್ಶ್ವಗಳಲ್ಲಿ ನೀಳವಾದ ಮುಳ್ಳುಗಳನ್ನು ತಳೆದು ಹುಟ್ಟುತ್ತವೆ. ತಾಯಿಯ ರೂಪ ಬದಲಾಗದು. ಅಪಾಯದ ವಾರ್ತೆ ಮುಟ್ಟುವುದು ಅವಳ ಮೊಟ್ಟೆಗೆ. ಹೀಗೆ ಆಯುಧಪಾಣಿಯಾಗಿ ಜನಿಸಿದ ಮರಿಯನ್ನು ಹಿಡಿದ ಆಸ್ಪ್ಲಾಂಕ್ನಾ ನುಂಗಲಾರದೆ ಬಿಟ್ಟುಬಿಡುವುದೇ ಹೆಚ್ಚು.

ಈ ಬ್ರಾಕಿಯೋನಸ್ ನಮ್ಮ ಊರುಗಳ ಕೆರೆಗಳಿಗೆ ಅಪರಿಚಿತವಲ್ಲ. ಚರಂಡಿಯ ನೀರು ಸೇರಿ ಪಾಚಿಗಟ್ಟಿದ ಕೆರೆಯಲ್ಲಿ ಅದು ಅಪಾರವಾಗಿ ವೃದ್ಧಿಸುವುದರಿಂದ, ಹನಿಯಲ್ಲಿ ಅದರದೇ ಸಂದಣಿ ಕಂಡರೆ ಕೆರೆಯ ಆರೋಗ್ಯದ ವಿಷಯದಲ್ಲಿ ಶಂಕಿಸಬಹುದು. ಅತ್ತ ಮೀನಿನ ಎಳೆಮರಿಗಳ ಮೊದಲ ಆಹಾರವೂ ಇಂತಹ ಪ್ರಾಣಿಗಳೇ. ಸಂಖ್ಯೆ ಬೇಗ ಬೆಳೆಯುವುದಕ್ಕೆ ಕಾರಣ ಸರಳ: ಅನುಕೂಲ ಕಾಲದಲ್ಲಿ ಅಲ್ಲಿರುವವೆಲ್ಲ ಹೆಣ್ಣುಗಳು, ಅವು ಗಂಡಿನ ಹಂಗಿಲ್ಲದೆ ಹೆಣ್ಣುಗಳನ್ನೇ ಹಡೆಯುತ್ತವೆ. ಸಂದಣಿ ಮಿತಿಮೀರಿದಾಗ ಬೇರೊಂದು ಬಗೆಯ ಹೆಣ್ಣುಗಳು ಹುಟ್ಟಿ ಗಂಡುಗಳನ್ನು ಹಡೆಯುತ್ತವೆ. ಆ ಗಂಡಿಗೆ ಬಾಯಿಲ್ಲ, ಉಣ್ಣುವ ದವಡೆಯೂ ಇಲ್ಲ. ಈಜಾಡಿ ಕೂಡಿ ಸಾಯುವುದಷ್ಟೇ ಅದರ ಚರಿತ್ರೆಯಾದುದರಿಂದ, ದವಡೆಯ ಉಪಾಸಕನಾದ ನನಗೆ ಅದರ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ಅದರಿಂದ ಫಲಿಸಿದ ದಪ್ಪ ಸಿಪ್ಪೆಯ ಮೊಟ್ಟೆ ಮಾತ್ರ ಕೆರೆ ಬತ್ತಿದರೂ ಕೆಸರಿನಲ್ಲಿ ಹುದುಗಿದ್ದು, ನೀರು ಬಂದ ಮೇಲೆ ಒಡೆಯುತ್ತದೆ.

ಡೆಲಾಯ್ಡ್ ಎಂಬ ವರ್ಗದವು ಇದನ್ನೂ ಮೀರಿದವು. ಅವುಗಳಲ್ಲಿ ಗಂಡನ್ನು ಕಂಡವರೇ ಇಲ್ಲ. ಒಣಗುವ ಕಾಲಕ್ಕೆ ಮೊಟ್ಟೆಯನ್ನೂ ನೆಚ್ಚದೆ, ಬೆಳೆದ ಪ್ರಾಣಿಯೇ ತನ್ನ ಮೈಯ ನೀರನ್ನೆಲ್ಲ ಬಿಟ್ಟುಕೊಟ್ಟು ಮುದುಡಿಕೊಳ್ಳುತ್ತದೆ. ಡೆಲ್ಫ್ಟ್ ನಗರದ ಲೇವನ್‌ಹುಕ್ 1702ರಲ್ಲಿ ಸೂರಿನ ಸೀಸದ ಕಾಲುವೆಯ ಒಣಧೂಳಿಗೆ ನೀರು ಬೆರೆಸಿ ಇವು ಮರಳಿ ಚಲಿಸಿದ್ದನ್ನು ಬರೆದಿಟ್ಟನು. ಸತ್ತದ್ದು ಬದುಕಿತೋ, ಬದುಕಿದ್ದದ್ದೇ ಮಲಗಿತ್ತೋ ಎಂಬ ಜಿಜ್ಞಾಸೆ ಎಷ್ಟು ತೀವ್ರವಾಯಿತೆಂದರೆ 1860ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಮಿತಿಯೊಂದು ಬ್ರೋಕಾನ ಲೇಖನಿಯಿಂದ ದೀರ್ಘವಾದ ವರದಿಯನ್ನೇ ಹೊರತರಬೇಕಾಯಿತು. 2021ರಲ್ಲಿ ರಷ್ಯದ ವಿಜ್ಞಾನಿಗಳು ಸೈಬೀರಿಯದ ಸುಮಾರು 24,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಿಂದ ಡೆಲಾಯ್ಡೊಂದನ್ನು ಎಚ್ಚರಿಸಿದರು. ಅದು ಎದ್ದುದಲ್ಲದೆ ಸಂತಾನವನ್ನೂ ಪಡೆಯಿತು.

ಅಷ್ಟು ದೂರ ಹೋಗಲಾರದವರು ಮನೆಯ ಗೋಡೆಯ ಮೇಲೆ ಒಣಗಿದ ಹಾವಸೆಯ ತುಣುಕನ್ನು ಮಳೆಯ ನೀರಿನಲ್ಲಿ ನೆನೆಸಿಟ್ಟು ಕೆಲವು ಗಂಟೆಗಳ ಮೇಲೆ ನೋಡಬಹುದು. ಮತ್ತೆ ಒಣಗಿಸಿ ಪರೀಕ್ಷಿಸಬೇಕೆನಿಸಿದರೆ ಚಿಟಿಕೆ ಮರಳಿನೊಡನೆ, ನೆರಳಿನಲ್ಲಿ, ನಿಧಾನವಾಗಿ ಒಣಗಿಸತಕ್ಕದ್ದು. ಬರಿಯ ಗಾಜಿನ ಮೇಲೆ ಬಿಸಿಲಿಗಿಟ್ಟು ಕೊಂದುಬಿಟ್ಟವರು ಲೇವನ್‌ಹುಕ್ ಸುಳ್ಳು ಬರೆದನೆಂದು ದೂರಬಾರದು.