ಜೇಮರ್ಸನ್‌ರನ್ನು ನೆನೆಯುವ ಬಗೆ

ಬೇಸ್ ಗಿಟಾರ್ ವಾದಕ ಜೇಮ್ಸ್ ಜೇಮರ್ಸನ್ 1983ರ ಆಗಸ್ಟ್ 2ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಾಗ ಅವರಿಗೆ 47 ವರ್ಷ. ಡೆಟ್ರಾಯಿಟ್‌ನ ಧ್ವನಿಮುದ್ರಣ ಕಂಪನಿ ಮೋಟೌನ್‌ನ ಅರವತ್ತರ ದಶಕದ ಹಾಡುಗಳನ್ನು ಕೇಳಿದವರೆಲ್ಲ ಅವರ ನುಡಿಸಾಣಿಕೆಯನ್ನು ಕೇಳಿದ್ದರು. ಹೆಸರು ಮಾತ್ರ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. ಆ ಸಾವಿನ ಬಳಿಕ ಅವರನ್ನು ನೆನೆಯುವುದೇ ಒಂದು ಪರಂಪರೆಯಾಗಿ ಬೆಳೆಯಿತು. 1989ರಲ್ಲಿ ಅವರ ಕುರಿತು ಅಲನ್ ಸ್ಲಟ್ಸ್‌ಕಿಯವರ ಪುಸ್ತಕ ಬಂತು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗೆಂದು ಹೊಸ ವಿಭಾಗ ತೆರೆದು ಮೊದಲ ಸಾಲಿನಲ್ಲೇ ಅವರನ್ನು ಸೇರಿಸಿಕೊಂಡಿತು. ಸ್ಲಟ್ಸ್‌ಕಿ ಪುಸ್ತಕವನ್ನು ಆಧರಿಸಿದ ಸಾಕ್ಷ್ಯಚಿತ್ರ 2002ರಲ್ಲಿ ತೆರೆಕಂಡಿತು. ಈ ಶೋಕ ನ್ಯಾಯವಾದದ್ದೇ. ಆದರೆ ಅದನ್ನು ಮುಂದುವರಿಸಿದವರಲ್ಲಿ ಹೆಚ್ಚಿನವರು ಜೇಮರ್ಸನ್‌ರನ್ನು ಒಂಟಿ ಪ್ರತಿಭೆಯಾಗಿ ಚಿತ್ರಿಸಿದ್ದಾರೆ. ಹಾಗೆ ಮಾಡಿದಾಗ ಅವರ ಸಂಗೀತದ ಅರ್ಧ ತಿರುಳೇ ಕೈಜಾರುತ್ತದೆ.

ದಂತಕಥೆಯ ಸಾಮಗ್ರಿ ಎಲ್ಲರಿಗೂ ಬಾಯಿಪಾಠ: ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು, ದಪ್ಪ ತಂತಿಗಳನ್ನು ಬದಲಿಸುತ್ತಲೇ ಇರಲಿಲ್ಲ, 1962ರ ಫೆಂಡರ್ ಪ್ರಿಸಿಷನ್ ವಾದ್ಯ ಸಾವಿಗೆ ಸ್ವಲ್ಪ ಮುಂಚೆ ಕಳುವಾಯಿತು. ಇದೆಲ್ಲ ಅವರ ನಾದದ ಬಣ್ಣವನ್ನು ಒಂದಿಷ್ಟು ವಿವರಿಸಬಹುದು, ಸ್ವರಗಳ ಆಯ್ಕೆಯನ್ನು ವಿವರಿಸಲಾರದು. ಡೆಟ್ರಾಯಿಟ್‌ನಲ್ಲಿ ಅವರು ಮೊದಲು ಕಲಿತದ್ದು ನಿಂತು ನುಡಿಸುವ ದೊಡ್ಡ ಬೇಸ್. ಜಾಜ್ ಕ್ಲಬ್ಬುಗಳೇ ಅವರ ಗರಡಿ. ಆ ಕಾಲದ ಪಾಪ್ ಹಾಡುಗಳಲ್ಲಿ ಬೇಸ್ ಸಾಮಾನ್ಯವಾಗಿ ಎರಡು ಮೂರು ಸ್ವರಗಳನ್ನೇ ಸುತ್ತುತ್ತಿತ್ತು. ಜೇಮರ್ಸನ್ ಅವುಗಳ ನಡುವಿನ ಸ್ವರಗಳನ್ನು ದಾಟುಗಲ್ಲಾಗಿ ಬಳಸಿದರು, ಪೆಟ್ಟು ಬೀಳಬೇಕಾದ ಜಾಗಕ್ಕಿಂತ ಚೂರು ಮುಂಚೆ ಎತ್ತಿಕೊಂಡರು. ಸ್ಟೀವಿ ವಂಡರ್ ಹಾಡಿದ, 1968ರಲ್ಲಿ ಬಿಡುಗಡೆಯಾದ ‘ಫಾರ್ ಒನ್ಸ್ ಇನ್ ಮೈ ಲೈಫ್’ನಲ್ಲಿ ಬೇಸ್ ಒಂದೆಡೆ ನಿಲ್ಲದೆ ಹರಿಯುತ್ತದೆ, ಆದರೂ ಗಾಯನವನ್ನು ಎಲ್ಲೂ ಮುಚ್ಚುವುದಿಲ್ಲ. ಅಷ್ಟು ಸ್ವಾತಂತ್ರ್ಯ ಸಿಕ್ಕಿದ್ದು ಸುತ್ತಲಿದ್ದವರ ಸಂಯಮದಿಂದ. ಬೆನ್ನಿ ಬೆಂಜಮಿನ್‌ರ ಡ್ರಮ್ಸ್ ಲಯವನ್ನು ಹಿಡಿದಿಟ್ಟ ವರ್ಷಗಳಲ್ಲೇ ಈ ಶೈಲಿ ಪಳಗಿತು. ಮೂವರು ಗಿಟಾರ್ ವಾದಕರು ತಮ್ಮಲ್ಲೇ ಕೆಲಸ ಹಂಚಿಕೊಂಡು ಒಬ್ಬೊಬ್ಬರೂ ಕಡಿಮೆ ನುಡಿಸುತ್ತಿದ್ದರು. 1964ರ ‘ಮೈ ಗರ್ಲ್’ನಲ್ಲಿ ಇದೇ ಜೇಮರ್ಸನ್ ಬೆರಳೆಣಿಕೆಯ ಸ್ವರಗಳಿಂದ ಹಾಡನ್ನು ಆರಂಭಿಸಿ, ರಾಬರ್ಟ್ ವೈಟ್‌ರ ಗಿಟಾರ್ ಮೇಲೇರಲು ಜಾಗ ಬಿಡುತ್ತಾರೆ. ಹೀಗೆ ಬಿಟ್ಟುಕೊಡುವುದನ್ನು ಬಲ್ಲವರಾದ್ದರಿಂದಲೇ ಅವರು ತುಂಬಿದಾಗ ಅದು ಅತಿ ಎನಿಸಲಿಲ್ಲ.

ನಾಯಕನ ಕಥೆ ಹೇಳದಿದ್ದರೆ ಹೆಸರೇ ಹೊರಬರುತ್ತಿರಲಿಲ್ಲ ಎಂಬ ಆಕ್ಷೇಪವಿದೆ. ತೂಕದ ಮಾತು. ನಮ್ಮ ಸಂಗೀತ ಕಚೇರಿಗಳ ಆಹ್ವಾನಪತ್ರಿಕೆಯಲ್ಲಿ ಮೃದಂಗದವರ, ಪಿಟೀಲಿನವರ ಹೆಸರು ತಪ್ಪದೆ ಇರುತ್ತದೆ. ಆದರೆ ಮೋಟೌನ್‌ನ ಪ್ರಮುಖ ಆಲ್ಬಮ್ಮೊಂದರ ಮೇಲೆ ಜೇಮರ್ಸನ್ ಹೆಸರು ಅಚ್ಚಾಗಲು 1971ರ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ವರೆಗೆ ಕಾಯಬೇಕಾಯಿತು. ಹೆಸರು ಹಾಕದಿರುವುದು ಆಗ ಇಡೀ ಉದ್ಯಮದ ರೂಢಿಯಾಗಿತ್ತು, ಕಂಪನಿ ಸಂಬಳ ಕೊಟ್ಟು ವಾದಕರನ್ನು ಒಂದೇ ಕೋಣೆಯಲ್ಲಿ ಇರಿಸಿಕೊಂಡಿದ್ದರಿಂದಲೇ ಆ ಮೇಳ ಹದಗೊಂಡಿತು ಎಂದು ಸಮರ್ಥಿಸುವವರೂ ಇದ್ದಾರೆ. ಮೇಳ ಹದಗೊಂಡ ಬಗೆಯನ್ನು ಒಪ್ಪುತ್ತೇನೆ. ಅದು ಹೆಸರು ಮುಚ್ಚಿಟ್ಟದ್ದಕ್ಕೆ ಸಮರ್ಥನೆಯಾಗದು. ಆ ಅನ್ಯಾಯವಾದರೂ ಇಡೀ ತಂಡಕ್ಕೆ ಆದದ್ದು. 1969ರಲ್ಲೇ ತೀರಿಕೊಂಡ ಬೆಂಜಮಿನ್‌ರಿಗೆ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ, ಜೇಮರ್ಸನ್‌ಗಿಂತ ಮೂರು ವರ್ಷ ತಡವಾಗಿ. ‘ವಾಟ್ಸ್ ಗೋಯಿಂಗ್ ಆನ್’ನಲ್ಲೇ ‘ಮರ್ಸಿ ಮರ್ಸಿ ಮಿ’, ‘ಇನ್ನರ್ ಸಿಟಿ ಬ್ಲೂಸ್’ ಹಾಡುಗಳ ಬೇಸ್ ನುಡಿಸಿದವರು ಬಾಬ್ ಬ್ಯಾಬಿಟ್. ಅವೆರಡೂ ಆ ಆಲ್ಬಮ್ಮಿನ ಹದಕ್ಕೆ ಒಂದಿಷ್ಟೂ ಹೊರತಲ್ಲ. ಜೇಮರ್ಸನ್ ಕಟ್ಟಿದ ಭಾಷೆಯನ್ನು ಇನ್ನೊಬ್ಬರೂ ಅಷ್ಟೇ ಸಲೀಸಾಗಿ ಮಾತಾಡಬಲ್ಲವರಾಗಿದ್ದರು.

ಇಂದಿನ ಬೇಸ್ ವಿದ್ಯಾರ್ಥಿಗಳು ಅವರ ನುಡಿಸಾಣಿಕೆಯನ್ನು ಸ್ವರಸ್ವರವಾಗಿ ಬರೆದು ಕಲಿಯುತ್ತಾರೆ. ಪ್ರಾಮಾಣಿಕ ದುಡಿಮೆ ಅದು, ಬೆರಳಿಗೆ ಒಳ್ಳೆಯದು. ಆದರೆ ಬೇಸನ್ನು ಮಾತ್ರ ಬಿಡಿಸಿ ಕಲಿತರೆ ಉತ್ತರ ಸಿಗುತ್ತದೆ, ಅದು ಯಾವ ಪ್ರಶ್ನೆಗೆ ಬಂದ ಉತ್ತರವೆಂಬುದು ಸಿಗುವುದಿಲ್ಲ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಿತು, ಜೇಮರ್ಸನ್ ಕೂಡ ಅಲ್ಲಿಗೆ ಹೋದರು. ಅದೇ ಬೆರಳು, ಅದೇ ವಾದ್ಯ, ಅದೇ ಹಳೆಯ ತಂತಿ. ಅಲ್ಲಿಯೂ ‘ಬೂಗಿ ಫೀವರ್’ನಂಥ ಯಶಸ್ವಿ ಹಾಡುಗಳಿಗೆ ನುಡಿಸಿದರು, ಆದರೆ ಡೆಟ್ರಾಯಿಟ್‌ನಲ್ಲಿದ್ದ ಯಶಸ್ಸಿನ ಅಖಂಡ ಸಾಲು ಮತ್ತೆ ಬರಲಿಲ್ಲ. ಕುಡಿತ, ಕಾಯಿಲೆ ಕಾರಣವೆನ್ನುವವರಿದ್ದಾರೆ, ಅವೂ ಕಾರಣವೇ. ಆದರೆ ಅವರು ಡೆಟ್ರಾಯಿಟ್‌ನಲ್ಲೂ ಕುಡಿಯುತ್ತಿದ್ದರು, ಅವರ ಅತ್ಯುತ್ತಮ ಕೆಲಸ ಆದದ್ದು ಆಗಲೇ. ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಸಿಗದೆ ಹೋದದ್ದು ವರ್ಷಗಟ್ಟಲೆ ಒಟ್ಟಿಗೆ ನುಡಿಸಿ ಪಳಗಿದ ಆ ಜೊತೆಗಾರರು.