ಹಾಳೆ ಮಗುಚಿ ನೋಡಿ

ಕೈಯಲ್ಲೇ ಬಿಡಿಸುವ ಅನಿಮೇಷನ್‌ಗೆ ಯಾವ ಟ್ಯಾಬ್ಲೆಟ್, ಯಾವ ಸಾಫ್ಟ್‌ವೇರ್ ಎಂದು ಈ ವಾರ ಬರೆಯುತ್ತೇನೆ ಎಂದಿದ್ದೆ. ಸಾಫ್ಟ್‌ವೇರಿನ ಮಾತು ಬೇಗ ಮುಗಿಯುತ್ತದೆ. ಕ್ರಿತಾ, ಪೆನ್ಸಿಲ್2ಡಿ, ಓಪನ್‌ಟೂನ್ಸ್ ಮೂರೂ ಉಚಿತ, ಕಲಿಯಲು ಯಾವುದಾದರೂ ಸಾಕು. ಓಪನ್‌ಟೂನ್ಸ್ ಅಂತೂ ಜಪಾನಿನ ಘಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಟೂನ್ಸ್‌ನಿಂದಲೇ ಬಂದದ್ದು, 2016ರಿಂದ ಎಲ್ಲರಿಗೂ ಮುಕ್ತ. ಯಾವುದನ್ನೇ ತೆರೆಯಿರಿ, ಮೊದಲು ಅನಿಯನ್ ಸ್ಕಿನ್ ಆಫ್ ಮಾಡಿ.

ಈ ಹಠ ಹಳೆಯ ಓದುಗರಿಗೆ ಹೊಸದಲ್ಲ. ಅನಿಯನ್ ಸ್ಕಿನ್‌ನಲ್ಲಿ ಹಿಂದಿನ ಚಿತ್ರ ಒಂದು ಬಣ್ಣದಲ್ಲಿ, ಮುಂದಿನದು ಇನ್ನೊಂದರಲ್ಲಿ ಮಸುಕಾಗಿ ಕಾಣುವಾಗ, ಎರಡರ ಮಧ್ಯೆ ಗೆರೆ ಎಳೆದರೆ ಕೆಲಸವಾಯಿತು ಅನಿಸಿಬಿಡುತ್ತದೆ. ಅಲ್ಲಿ ಕಾಣುವುದು ಸ್ಥಾನಗಳು ಮಾತ್ರ, ಚಲನೆಯಲ್ಲ. ಹಾಳೆಗಳನ್ನು ಕದಲದಂತೆ ಹಿಡಿಯುವ ಪೆಗ್ ಬಾರನ್ನು ಕೆಳಗಿಟ್ಟು, ಹಾಳೆಗಳನ್ನು ಬೆರಳ ಸಂದಿಗಳಲ್ಲಿ ಹಿಡಿದು, ಮಗುಚಿ ಮಗುಚಿ ನೋಡುತ್ತಾ ಬಿಡಿಸಿದವರಿಗೆ ವ್ಯತ್ಯಾಸ ಗೊತ್ತು. ನೆಲಕ್ಕೆ ಬಡಿದು ಏಳುವ ಚೆಂಡು ನೆತ್ತಿಯಲ್ಲಿ ಒತ್ತೊತ್ತಾಗಿ, ನೆಲದ ಬಳಿ ದೂರದೂರವಾಗಿ ಬರಬೇಕು. ಎಲ್ಲವನ್ನೂ ಸರಿಮಧ್ಯಕ್ಕೆ ಬಿಡಿಸಿದರೆ ಚೆಂಡಿಗೆ ತೂಕವೇ ಇರುವುದಿಲ್ಲ. ಪರದೆಯ ಮೇಲೂ ಹಿಂದಿನ, ಮುಂದಿನ ಫ್ರೇಮಿಗೆ ಹೋಗುವ ಕೀಲಿಗಳಿವೆ. ಎಡಗೈ ಸದಾ ಅವುಗಳ ಮೇಲಿರಲಿ.

ಸರಿಮಧ್ಯದ ಈ ಮೋಹವೇ ಈಗೊಂದು ಪಂಥವಾಗಿ ಬೆಳೆದಿದೆ. ಸೆಕೆಂಡಿಗೆ 12 ಚಿತ್ರ ಬಿಡಿಸಿ, ಒಂದೊಂದನ್ನೂ ಎರಡೆರಡು ಫ್ರೇಮ್ ನಿಲ್ಲಿಸಿ 24 ತುಂಬಿಸುವುದು ಹಳೆಯ ಕ್ರಮ. ಹಾಗೆ ಮಾಡಿದ ಚಿತ್ರಗಳಿಗೆ ಯಂತ್ರದಿಂದ ಫ್ರೇಮುಗಳನ್ನು ತುರುಕಿ 60ಕ್ಕೇರಿಸಿ, ‘ನಯವಾಯಿತು’ ಎನ್ನುತ್ತಾರೆ. ನನಗದು ಸಹಿಸದು. ಕಲಾವಿದ ತೂಗಿ ನಿಲ್ಲಿಸಿದ ಭಂಗಿಯನ್ನು ಯಂತ್ರ ಕರಗಿಸಿ ಹಾಕುತ್ತದೆ. ಕ್ಯಾಮೆರಾ ಸರಿಯುವಾಗ, ಪಾತ್ರ ಓಡುವಾಗ ಫ್ರೇಮಿಗೊಂದು ಚಿತ್ರ ಬೇಕಾಗುತ್ತದೆ, ಒಪ್ಪುತ್ತೇನೆ. ಅದನ್ನು ತೀರ್ಮಾನಿಸಬೇಕಾದವನು ಬಿಡಿಸುವವನು.

ಇಷ್ಟು ಬರೆದ ಮೇಲೆ ಹಳೆಯ ಕಾಲದ ಅನಿಮೇಟರ್ ವಿನ್ಸರ್ ಮೆಕೇಯನ್ನು ನೆನೆಯದೆ ಇರಲಾರೆ. ಅವನ 1914ರ ‘ಗರ್ಟಿ ದಿ ಡೈನೋಸಾರ್’ ಇನ್ನೂ ನೋಡಿಲ್ಲದಿದ್ದರೆ ಟ್ಯಾಬ್ಲೆಟ್‌ಗಿಂತ ಮೊದಲು ಅದನ್ನು ನೋಡಿ. ಪಾರದರ್ಶಕ ಸೆಲ್ ಹಾಳೆಗಳ ಅನುಕೂಲ ಅವನಿಗಿರಲಿಲ್ಲ. ಸಾವಿರಾರು ತೆಳು ರೈಸ್ ಪೇಪರ್ ಹಾಳೆಗಳ ಮೇಲೆ ಅವನು ಗರ್ಟಿಯನ್ನು ಬಿಡಿಸಿದ. ಹಿಂದಿನ ಬಂಡೆ, ಕೆರೆಗಳನ್ನು ಜಾನ್ ಫಿಟ್ಸ್‌ಸಿಮನ್ಸ್ ಎಂಬ ಯುವಕ ಪ್ರತಿ ಹಾಳೆಗೂ ಮತ್ತೆ ಮತ್ತೆ ತಿದ್ದಿ ಇಳಿಸಿದ. ಮುಖ್ಯ ಭಂಗಿಗಳನ್ನು ಮೊದಲು ಬಿಡಿಸಿ ನಡುವಿನವನ್ನು ಆಮೇಲೆ ತುಂಬುವ ಕ್ರಮವನ್ನು ಮೆಕೇ ಆಗಲೇ ಹಿಡಿದಿದ್ದ. ಅದಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಕ್ಯಾಮೆರಾದ ಮುಂದೆ ಇಡುವ ಮೊದಲು ಹಾಳೆಗಳನ್ನು ಮ್ಯೂಟೋಸ್ಕೋಪಿನಂಥ ಯಂತ್ರಕ್ಕೆ ಹಾಕಿ, ಸರಸರನೆ ಮಗುಚಿಸಿ ಚಲನೆ ಪರೀಕ್ಷಿಸುತ್ತಿದ್ದ. ನಾನು ಬೆರಳಿನ ಬಗ್ಗೆ ಹೇಳಿದ್ದೂ ಇದೇ ಕೆಲಸ.

ಗರ್ಟಿ ಕೆರೆಯ ನೀರನ್ನೆಲ್ಲ ಕುಡಿಯುತ್ತಾಳೆ, ಗದರಿಸಿದರೆ ಅಳುತ್ತಾಳೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅವಳು ಸುಮ್ಮನಿರುವಾಗಿನ ಉಸಿರಾಟ. ಅಷ್ಟು ದೊಡ್ಡ ಪ್ರಾಣಿಯ ಪಕ್ಕೆ ಎಷ್ಟು ಹೊತ್ತಿಗೆ ಉಬ್ಬಿ ಎಷ್ಟು ಹೊತ್ತಿಗೆ ಇಳಿಯಬೇಕು? ಮೆಕೇ ತನ್ನದೇ ಉಸಿರಿನ ಕಾಲ ಅಳೆದು ಲೆಕ್ಕ ಹಾಕಿಕೊಂಡ. ಕತೆಗೆ ಏನೂ ಬೇಕಿಲ್ಲದ ಆ ಏರಿಳಿತದಿಂದಲೇ ಅವಳು ಬದುಕಿದ್ದಾಳೆ ಎಂದು ನಾವು ನಂಬುತ್ತೇವೆ.

ಹಾಗಾಗಿ ಚೆಂಡಿನ ಪಾಠ ಮುಗಿದವರು ಉಸಿರನ್ನು ಎತ್ತಿಕೊಳ್ಳಿ. ಗಡಿಯಾರ ಮುಂದಿಟ್ಟುಕೊಂಡು ನಿಮ್ಮದೇ ಉಸಿರನ್ನು ಅಳೆಯಿರಿ. ಎಳೆದುಕೊಳ್ಳುವುದಕ್ಕೆಷ್ಟು ಫ್ರೇಮ್, ಬಿಡುವುದಕ್ಕೆಷ್ಟು ಎಂದು ಹಾಳೆಯ ಅಂಚಿನಲ್ಲಿ ಚಾರ್ಟ್ ಬರೆದುಕೊಂಡು ಶುರುಮಾಡಿ. ಟ್ಯಾಬ್ಲೆಟ್ ಮುಂದಿನ ವಾರ.