ತೊರೆದವನೂ ಉಳಿದವರೂ: ‘ಖಸಾಕಿಂಟೆ ಇತಿಹಾಸಂ’ ಕಾದಂಬರಿಯ ಪಾತ್ರಸಂಬಂಧಗಳು

ಓ.ವಿ. ವಿಜಯನ್ ಅವರ ‘ಖಸಾಕಿಂಟೆ ಇತಿಹಾಸಂ’ (1969) ಕುರಿತ ಚರ್ಚೆ ಬಹುಮಟ್ಟಿಗೆ ನಾಯಕ ರವಿಯ ಅಂತರಂಗದ ಸುತ್ತ ನಡೆದಿದೆ. ಮಲತಾಯಿಯೊಡನೆ ಬೆಳೆದ ಸಂಬಂಧದ ಪಾಪಪ್ರಜ್ಞೆ, ಅರ್ಧಕ್ಕೆ ಬಿಟ್ಟ ವ್ಯಾಸಂಗ, ಪ್ರೇಯಸಿ ಪದ್ಮಳಿಂದ ದೂರ ಸರಿದದ್ದು, ಆಶ್ರಮವಾಸ, ಕೊನೆಗೆ ಪಾಲಕ್ಕಾಡಿನ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆ. ಇಷ್ಟನ್ನು ಅಸ್ತಿತ್ವವಾದದ ಚೌಕಟ್ಟಿನಲ್ಲಿಟ್ಟರೆ ಒಂದು ಸುಸಂಬದ್ಧ ವ್ಯಾಖ್ಯಾನ ಸಿದ್ಧವಾಗುತ್ತದೆ. ಖಸಾಕಿನ ಜನ ಮಾತ್ರ ಅದರಲ್ಲಿ ಹಿನ್ನೆಲೆಯ ಪರದೆಯಾಗುತ್ತಾರೆ. ಕಾದಂಬರಿಯ ಪಾತ್ರರಚನೆ ಈ ಓದಿಗೆ ಒಗ್ಗುವುದಿಲ್ಲ.

‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರು ತಮ್ಮ ಅಗ್ರಹಾರವನ್ನು ಬಿಟ್ಟು ಹೊರಡುತ್ತಾರೆ, ರವಿ ಇನ್ನೊಬ್ಬರ ಊರೊಳಕ್ಕೆ ಬಂದು ಸೇರುತ್ತಾನೆ. ಅವನು ಬದುಕಿನಿಂದ ಹಿಂದೆ ಸರಿಯಲು ಆರಿಸಿಕೊಂಡ ಸ್ಥಳ ಅಲ್ಲಿನವರಿಗೆ ಇರುವ ಒಂದೇ ಬದುಕು. ಅದರ ಮೇಲೆ ಅವನು ಮೇಷ್ಟ್ರು. ಮೇಷ್ಟ್ರಾದವನಿಗೆ ವೈರಾಗ್ಯ ಕಷ್ಟ. ಬೆಳಗಾದರೆ ಮಕ್ಕಳು ಬಂದು ನಿಲ್ಲುತ್ತಾರೆ.

ಇದರ ಪರಿಣಾಮ ಅತ್ಯಂತ ತೀವ್ರವಾಗಿ ಕಾಣುವುದು ಅಳ್ಳಾಪಿಚ್ಚ ಮೊಲ್ಲಾಕ್ಕನ ಪಾತ್ರದಲ್ಲಿ. ಹೊಸ ಶಾಲೆ ತನ್ನ ಓತ್ತುಪಳ್ಳಿಯನ್ನು ಬರಿದು ಮಾಡೀತೆಂಬ ಆತನ ಭಯ ಧಾರ್ಮಿಕವಾದದ್ದು ಮಾತ್ರವಲ್ಲ, ಹೊಟ್ಟೆಪಾಡಿನದೂ ಹೌದು. ಆತನೇ ಆಶ್ರಯ ಕೊಟ್ಟು ಬೆಳೆಸಿದ ನೈಜಾಮಲಿ ಎದುರು ಪಕ್ಷದಲ್ಲಿ ನಿಲ್ಲುತ್ತಾನೆ. ಮುಂದೆ ವೃದ್ಧ ಮೊಲ್ಲಾಕ್ಕ ಅದೇ ಶಾಲೆಯ ಚಾಕರಿಗೆ ಸೇರುತ್ತಾನೆ. ಕಾಲಿನ ಹುಣ್ಣು ಅರ್ಬುದವಾಗಿ ಸಾಯುತ್ತಾನೆ. ರವಿಗೆ ಆತನ ಮೇಲೆ ಹಗೆಯಿಲ್ಲ, ಕನಿಕರವೇ ಇದೆ. ಶಾಲೆ ರವಿಗೆ ಒಂದು ತಂಗುದಾಣ. ತನಗೆ ಏನೂ ಬೇಡವೆಂದು ಬಂದವನು, ಆ ಒಂದನ್ನೇ ನೆಚ್ಚಿಕೊಂಡಿದ್ದವನ ನೆಲೆಯನ್ನು ಕೈಯೆತ್ತದೆಯೇ ಕಿತ್ತುಕೊಂಡಿದ್ದಾನೆ. ಇಂಥ ಹಿಂಸೆಯನ್ನು ಹೆಸರಿಸಲು ‘ಅನ್ಯಪ್ರಜ್ಞೆ’ಯ ಪರಿಭಾಷೆ ಸಾಲದು.

ಮೊಲ್ಲಾಕ್ಕನ ಮಗಳು ಮೈಮೂನಳ ವಿಷಯದಲ್ಲಿ ಕಾದಂಬರಿಯೇ ಎಡವುತ್ತದೆ. ಬಾವಿಗಿಳಿದು ಬಿದ್ದ ಸಾಮಾನೆತ್ತಿಕೊಡುವ ಮುದುಕ ಚುಕ್ರು ರಾವುತ್ತರ್‌ಗೆ ತಂದೆ ಅವಳನ್ನು ಮದುವೆ ಮಾಡಿಕೊಡುತ್ತಾನೆ. ನೈಜಾಮಲಿಯ ಬಯಕೆ ಅವಳ ಸುತ್ತ ಸುಳಿಯುತ್ತದೆ, ರವಿಯೂ ಅವಳನ್ನು ಸೇರುತ್ತಾನೆ. ಅವಳು ತೋಳೇರಿಸಿ ಓಣಿಯಲ್ಲಿ ನಡೆಯುವ ಚಿತ್ರ ಮರೆಯಲಾಗದ್ದು. ಆದರೆ ಅವಳ ಮನಸ್ಸಿನ ಬಾಗಿಲು ತೆರೆಯುವುದು ವಿರಳ. ರವಿಯ ಕಾಮಕ್ಕೆ ದೊರೆಯುವ ಕಾವ್ಯಮಯ ಗದ್ಯದ ಒಂದು ಪಾಲಾದರೂ ಅವಳ ಒಂಟಿತನಕ್ಕೆ ದೊರೆತಿದ್ದರೆ ಈ ಕೃತಿಯ ತೂಕವೇ ಬೇರೆಯಾಗುತ್ತಿತ್ತು.

ಹಾಗಿದ್ದೂ ವಿಜಯನ್ ಈ ಅಸಮತೆಯನ್ನು ಬಲ್ಲರು. ರವಿ ತರಗತಿಯಲ್ಲಿ ಹೇಳುವ ಎರಡು ಜೀವಬಿಂದುಗಳ ಕಥೆಯೇ ಸಾಕ್ಷಿ. ತಂಗಿ ಆಚೆಯದನ್ನು ಕಾಣಲು ಹೊರಡುತ್ತಾಳೆ, ಅಕ್ಕ ಕಣಿವೆಯಲ್ಲೇ ಉಳಿದು ಸಂಪಿಗೆ ಮರವಾಗುತ್ತಾಳೆ. ಎಷ್ಟೋ ಕಾಲದ ಬಳಿಕ ಹೂ ಕೊಯ್ಯಲು ಬಂದ ಹುಡುಗಿಗೆ ತಾನು ಕೊಂಬೆ ಮುರಿಯುತ್ತಿರುವುದು ಅಕ್ಕನದೆಂದು ತಿಳಿಯದು. ಈ ಕಥೆಯನ್ನು ಸಾಮಾನ್ಯವಾಗಿ ಕರ್ಮಬಂಧದ ರೂಪಕವೆಂದು ಓದುತ್ತಾರೆ. ಆದರೆ ನೆನಪು ಉಳಿದಿರುವುದು ಹೋದವಳಲ್ಲಲ್ಲ, ನಿಂತವಳಲ್ಲಿ. ಕೇಳುತ್ತ ಕುಳಿತ ಮಕ್ಕಳು ನಿಂತವಳ ಕಡೆಯವರು, ಹೇಳುವವನು ಹೋಗುವವನು. ಸಿಡುಬಿನ ಅಧ್ಯಾಯದಲ್ಲಿ ಆ ಮಕ್ಕಳಲ್ಲಿ ಕೆಲವರು ಸಾಯುತ್ತಾರೆ.

ಭಾಷೆಯಲ್ಲೂ ಈ ಅಂತರವುಂಟು. ಖಸಾಕಿನವರದು ತಮಿಳಿನ ಬನಿಯುಳ್ಳ ಪಾಲಕ್ಕಾಡು ಮಲಯಾಳಂ, ರಾವುತ್ತರ ಮಾತಿನ ವರಸೆ. ಗಡಿನಾಡಿನ ಕನ್ನಡಿಗರಿಗೆ ಇಂಥ ಬೆರಕೆ ಅಪರಿಚಿತವಲ್ಲ. ರವಿಯ ಚಿಂತನೆ ಸಾಗುವುದು ಸಂಸ್ಕೃತಭೂಯಿಷ್ಠ ಗದ್ಯದಲ್ಲಿ. ವಿಜಯನ್ ಅವರೇ 1994ರಲ್ಲಿ ಹೊರತಂದ ಇಂಗ್ಲಿಷ್ ರೂಪದಲ್ಲಿ ಈ ಏರುತಗ್ಗು ಸಮತಟ್ಟಾಗಿದೆ. ಅದನ್ನಷ್ಟೇ ಓದಿದವರಿಗೆ ರವಿ ಊರಿಗೆ ಇನ್ನಷ್ಟು ಹತ್ತಿರದವನಾಗಿ ಕಂಡರೆ ಆಶ್ಚರ್ಯವಿಲ್ಲ.

ಪದ್ಮಳಿಗೆ ಮಾತು ಕೊಟ್ಟಂತೆ ರವಿ ಖಸಾಕನ್ನು ಬಿಡುತ್ತಾನೆ. ಮೊದಲು ಬಂದಿಳಿದ ಕೂಮನ್‌ಕಾವಿನಲ್ಲೇ, ಮಳೆಯಲ್ಲಿ, ಹಾವು ಕಚ್ಚಿದ ಕಾಲು ಚಾಚಿ ಬಸ್ಸಿಗಾಗಿ ಕಾಯುತ್ತ ಮಲಗುತ್ತಾನೆ. ಇದು ಸಾವೋ ಬಿಡುಗಡೆಯೋ ಎಂಬ ಚರ್ಚೆ ಮುಗಿದಿಲ್ಲ. ಹಿಂದೆ ಉಳಿದ ಶಾಲೆಯತ್ತ, ಏರೋಪ್ಲೇನ್ ಚಿಟ್ಟೆಗಳ ಬೆನ್ನು ಹತ್ತುವ ಅಪ್ಪುಕ್ಕಿಳಿಯತ್ತ ಕಾದಂಬರಿ ಆ ಕೊನೆಯ ಪುಟದಲ್ಲಿ ತಿರುಗಿ ನೋಡುವುದಿಲ್ಲ.